ಪುಟ್ಟತಾಯಮ್ಮನ ಮನೆ, ಬೆಟಗೇರಿ

ಗದಗಿನ ಲಾಡ್ಜಿನವ ರಿಜಿಸ್ಟರ್ ನನ್ನ ಕಡೆ ತಿರುಗಿಸಿ ಕೇಳಿದ,
‘ಒಬ್ರ ಏನ್ರೀ?’
‘ಅಣ್ಣ ರಾತ್ರಿ ಬರ್ತಾನೆ’ ಅಂದೆ.
ಅಣ್ಣ ಬರುವುದಿಲ್ಲ. ಮಳವಳ್ಳಿಯಲ್ಲಿ ಅವನಿಗೆ ಗೊಬ್ಬರದಂಗಡಿ.
ಬಂದಿರುವುದು ಅವನ ಹಳೆಯ ಚಪ್ಪಲಿ, ಹತ್ತನೇ ನಂಬರು,
ಹಿಮ್ಮಡಿ ಸವೆದದ್ದು;
ಹೋದ ಊರಲ್ಲೆಲ್ಲ ನನ್ನ ಬಾಗಿಲ ಹೊರಗೆ ಮಲಗುತ್ತದೆ.

ನಲವತ್ತಾರು ದಾಟಿತು. ವರ್ಷಕ್ಕೊಂದು ಊರು.
ಗೊತ್ತಿಲ್ಲದ ಬೀದಿಯಲ್ಲಿ ಗೊತ್ತಿದ್ದವಳ ಹಾಗೆ ನಡೆಯುತ್ತೇನೆ,
ಕೈಚೀಲದಿಂದ ಮೂಲಂಗಿ ಸೊಪ್ಪು ಇಣುಕುವಂತೆ ಇಟ್ಟುಕೊಂಡು.
ಮೂಲಂಗಿ ಹಿಡಿದವಳನ್ನು ಯಾರೂ ಪ್ರವಾಸಿ ಅನ್ನುವುದಿಲ್ಲ.
ಮೊಬೈಲಿನಲ್ಲಿ ದಾರಿ ನೋಡಬೇಕೆಂದರೆ
ಔಷಧಿ ಅಂಗಡಿಯ ಮೆಟ್ಟಿಲು ಹತ್ತಿ ಕೆಮ್ಮಿನ ಮಾತ್ರೆ ಕೇಳುತ್ತೇನೆ;
ಕೆಮ್ಮಿಲ್ಲದವಳ ಮನೆಯಲ್ಲಿ ಒಂದು ಡಬ್ಬಿ ಕೆಮ್ಮಿನ ಮಾತ್ರೆ.
ಎಲ್ಲ ಮುಚ್ಚಿಡಬಹುದು, ನಾಲಿಗೆ ಆಗುವುದಿಲ್ಲ.
‘ಎಲ್ಲಿದೆ’ ಅಂದರೆ ಸಾಕು, ಪೇಟೆಗೆ ಪೇಟೆಯೇ ತಿರುಗಿ,
‘ನಿಮ್ದು ಯಾವ ಊರ್ರೀ?’
ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ಬೆನ್ನು ಬಿಗಿಯುತ್ತದೆ.

ಬೆಟಗೇರಿಗೆ ಹೋದದ್ದು ಮಗ್ಗ ನೋಡಲಿಕ್ಕೆ.
ಓಣಿಯೊಳಗೊಂದು ಓಣಿ, ಗೋಡೆಗಳ ಹಿಂದೆ ಖಟಖಟ ಖಟಖಟ,
ಹೊಸ್ತಿಲ ಮೇಲೆ ಕಂಡಿಕೆ ಸುತ್ತುವ ಮುದುಕಿಯರು,
ಒಣಹಾಕಿದ ನೂಲು, ಅರಿಶಿನದ್ದು, ಬದನೆಕಾಯಿ ಬಣ್ಣದ್ದು.
ನೋಡುತ್ತ ನೋಡುತ್ತ ಹೊತ್ತು ನೋಡುವುದ ಮರೆತೆ.
ಬರುವಾಗ ಗುರುತು ಇಟ್ಟುಕೊಂಡೇ ಬಂದಿದ್ದೆ:
ಹಿಟ್ಟಿನ ಗಿರಣಿ, ಬೇವಿನ ಮರ, ನೀಲಿ ನಲ್ಲಿ.
ಕತ್ತಲಾದ ಮೇಲೆ ನೀಲಿ ನಲ್ಲಿ ಕಪ್ಪಾಗುತ್ತದೆಂದು
ನನಗೆ ಹೊಳೆದಿರಲಿಲ್ಲ.

ಆಗ ಬೈಕು.
ಒಮ್ಮೆ ದಾಟಿ ಹೋಯಿತು. ಹೋಗಿ ತಿರುಗಿತು.
ಆಮೇಲೆ ನನ್ನ ಹಿಂದೆ, ನನ್ನ ನಡಿಗೆಯಷ್ಟೇ ನಿಧಾನ,
ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು.
ನಾನು ನಿಂತೆ. ಅದೂ ನಿಂತಿತು.
ಕೂಗಿದರೆ? ಈ ಖಟಖಟದಲ್ಲಿ ಕೂಗು ಒಂದು ಎಳೆ,
ಯಾವ ಸೀರೆಯ ಅಂಚಿಗೆ ಸೇರಿಹೋಗುತ್ತಿತ್ತೋ.

ಅಷ್ಟರಲ್ಲಿ ಕರೆಂಟು ಹೋಯಿತು.

ಇಡೀ ಓಣಿ ಒಂದೇ ಸಲ ಬಾಯಿ ಮುಚ್ಚಿತು.
ಬೈಕಿನ ದೀಪವೊಂದೇ ನನ್ನ ನೆರಳನ್ನು ಗೋಡೆಗೆ ಒತ್ತಿ ಹಿಡಿದಿತ್ತು.
ಹತ್ತಿರದ ಬಾಗಿಲು ಬಡಿದು, ಬಾಯಿಗೆ ಬಂದ ಹೆಸರು ಕೂಗಿದೆ:
‘ಪುಟ್ಟತಾಯಮ್ಮಾ! ಮನೇಲಿದ್ದೀರಾ?’
ತುಂಗಭದ್ರೆ ದಾಟಿದ ಮೇಲೆ ಆ ಹೆಸರು ಇಟ್ಟವರುಂಟೆ?
ಒಳಗೆ ಒಂದು ಉಸಿರಿನಷ್ಟು ಸುಮ್ಮನಿದ್ದು
ಹೆಂಗಸಿನ ದನಿ:
‘ಬಂದ್ಯಾ? ಎಷ್ಟೊತ್ತವಾ ನಿಂದು! ಬಾ ಒಳಗ, ಚಾ ಆರಾಕತ್ತೈತಿ.’

ಬೈಕು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಗುರುಗುಟ್ಟಿ, ಹೋಯಿತು.

ಮೇಣದ ಬತ್ತಿಯ ಬೆಳಕಿಗೆ ಮುಖ ಕಂಡಿತು. ಹೆಸರು ತುಳಜವ್ವ.
ಚಾ ಇನ್ನೂ ಒಲೆ ಮೇಲೆ ಇಟ್ಟೇ ಇರಲಿಲ್ಲ.
‘ಕರೆಂಟ್ ಇದ್ದಿದ್ರ ನನಗ ಕೇಳತಿದ್ದಿಲ್ಲ ನೋಡು’ ಅಂದಳು,
ಅರ್ಧ ನೇಯ್ದ ಬಟ್ಟೆಯಲ್ಲಿ ಲಾಳಿ ನಿಂತಲ್ಲೇ ನಿಂತಿತ್ತು.
‘ಅವನು ಸುಮ್ಮನೆ ಹೋಗುವವನಿದ್ದನೇನೋ’ ಅಂದೆ,
ನಡುಕ ನಿಂತ ಮೇಲೆ ಹುಟ್ಟುವ ನಾಚಿಕೆಯಿಂದ.
‘ಇರಬಹುದು. ಒಳ್ಳೆಯಾಂವನೂ ಇರಬಹುದು.
ಅದನ್ನ ಖಾತ್ರಿ ಮಾಡ್ಕೊಳ್ಳಾಕ ನೀ ರಸ್ತೆದಾಗ ನಿಲ್ಲೂದು ಬ್ಯಾಡ.’
ಸಕ್ಕರೆ ಹಾಕುತ್ತ, ‘ಪುಟ್ಟತಾಯಮ್ಮ ಅಂದ್ರ ಯಾರವಾ?’
‘ಯಾರೂ ಇಲ್ಲ.’
‘ಇರ್ಲಿ ಬಿಡು. ಇವತ್ತ ನಾನ ಅಂತ ತಿಳಕೋ.’

ಮೊಮ್ಮಗ ಸೈಕಲ್ಲಿಳಿದು, ಅದನ್ನು ತಳ್ಳಿಕೊಂಡು
ದೊಡ್ಡ ರಸ್ತೆಯ ತನಕ ಬಂದ, ಹನ್ನೆರಡು ವರ್ಷದವ,
ಟಾರ್ಚನ್ನು ನನ್ನ ಕಾಲಿಗಲ್ಲ, ಗುಂಡಿಗಳಿಗೆ ಹಿಡಿಯುತ್ತ.
ಆಟೋದ ನಂಬರನ್ನು ಅಂಗೈ ಮೇಲೆ ಬರೆದುಕೊಂಡ,
ಅಜ್ಜಿ ಹೇಳಿದ್ದಳಂತೆ, ಆಟೋದವನಿಗೆ ಕಾಣುವ ಹಾಗೆ ಬರೀಬೇಕು ಅಂತ.

ಲಾಡ್ಜಿಗೆ ಬಂದರೆ ಬಾಗಿಲ ಹೊರಗೆ
ಅಣ್ಣನ ಒಂದೇ ಚಪ್ಪಲಿ.
ಇನ್ನೊಂದನ್ನು ಹಿತ್ತಲ ಮೆಟ್ಟಿಲಲ್ಲಿ ನಾಯಿಮರಿ ಕಡಿಯುತ್ತಿತ್ತು.
ಉಳಿದದ್ದನ್ನು ನೆಟ್ಟಗೆ ತಿರುಗಿಸಿಟ್ಟು
ಚಿಲಕ ಹಾಕಿಕೊಂಡೆ.